ದೇವರ ಕರುಣೆ ಕಂಡ ಪಂಡಿತಾ ರಮಾಬಾಯಿ



ಈ ಸಲದ ಗೋಡೆ ಪತ್ರಿಕೆಗೆ ಮಹಾನ್ ವ್ಯಕ್ತಿಯೊಬ್ಬರ ಜೀವನ ಚರಿತ್ರೆ ಬರೆಯಬೇಕು ಅಂತ ಟೀಚರ್ ಹೇಳಿದ್ದರು. ಎಲ್ಲರೂ ಗಾಂಧೀಜಿ, ವಿವೇಕಾನಂದರು, ಕಿತ್ತೂರು ಚೆನ್ನಮ್ಮ ಅಂತ ಹೆಸರು ಕೊಟ್ಟರು. ನಾನು ಪಂಡಿತಾ ರಮಾಬಾಯಿ ಅಂತ ಕೊಟ್ಟೆ. ಅವರು ಯಾರು ಅಂತ ತುಂಬಾ ಜನ ಕೇಳಿದ್ರಿ. ಅದಕ್ಕೇ ಬರೆಯುತ್ತಿದ್ದೇನೆ. ಅವರು ನಮ್ಮ ಕರ್ನಾಟಕದ ಕಾಡಿನಲ್ಲೇ ಹುಟ್ಟಿದವರು. ದೇವರ ಕರುಣೆ ಅಂದ್ರೆ ನಾವು ಕೇಳಿದ್ದನ್ನು ದೇವರು ಕೊಡೋದು, ಪರೀಕ್ಷೆಯಲ್ಲಿ ಪಾಸು ಮಾಡಿಸೋದು ಅಂತ ನಾನು ತಿಳಿದಿದ್ದೆ. ಇವರ ಜೀವನ ಓದಿದ ಮೇಲೆ ಅದು ಅಷ್ಟೇ ಅಲ್ಲ ಅಂತ ಗೊತ್ತಾಯಿತು.

ರಮಾಬಾಯಿಯವರು 1858ನೇ ಇಸವಿ ಏಪ್ರಿಲ್ 23ರಂದು ಪಶ್ಚಿಮ ಘಟ್ಟದ ಗಂಗಾಮೂಲ ಎಂಬ ಕಾಡಿನಲ್ಲಿ ಜನಿಸಿದರು. ಇವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ. ಕಾರ್ಕಳದ ಹತ್ತಿರದ ಮಾಳ ಅವರ ಊರು. ತಾಯಿ ಲಕ್ಷ್ಮೀಬಾಯಿ. ಅನಂತ ಶಾಸ್ತ್ರಿಗಳು ದೊಡ್ಡ ಸಂಸ್ಕೃತ ವಿದ್ವಾಂಸರು. ಅವರ ಗುರುಗಳು ಪೇಶ್ವೆಯ ಹೆಂಡತಿಗೆ ಸಂಸ್ಕೃತ ಹೇಳಿಕೊಡುವುದನ್ನು ನೋಡಿ, ತಾವೂ ತಮ್ಮ ಹೆಂಡತಿಗೆ ಕಲಿಸಬೇಕು ಅಂತ ಆಸೆಪಟ್ಟರು. ಆ ಕಾಲದಲ್ಲಿ ಹೆಂಗಸರು ಸಂಸ್ಕೃತ ಓದುವುದು ತಪ್ಪು ಅಂತ ಜನ ನಂಬಿದ್ದರು. ಊರಿನವರು ವಿರೋಧ ಮಾಡಿದರು. ಉಡುಪಿಯಲ್ಲಿ ಪಂಡಿತರ ಸಭೆ ಸೇರಿತು. ಶಾಸ್ತ್ರಿಗಳು ಶಾಸ್ತ್ರಗಳನ್ನೇ ತೋರಿಸಿ ತಮ್ಮದು ತಪ್ಪಲ್ಲ ಅಂತ ವಾದ ಮಾಡಿದರು. ಆದರೂ ಜನರ ಸಹವಾಸ ಬೇಡ ಅಂತ ಕಾಡಿಗೆ ಹೋಗಿ ಆಶ್ರಮ ಕಟ್ಟಿಕೊಂಡು ಹೆಂಡತಿಗೆ ಪಾಠ ಹೇಳಿದರು.

ರಮಾಬಾಯಿಗೆ ಆರು ತಿಂಗಳಾದಾಗ ಮನೆಮಂದಿಯೆಲ್ಲ ಆಶ್ರಮ ಬಿಟ್ಟು ತೀರ್ಥಯಾತ್ರೆ ಹೊರಟರು. ಮಗುವನ್ನು ಬೆತ್ತದ ಪೆಟ್ಟಿಗೆಯಲ್ಲಿ ಮಲಗಿಸಿ ಆಳೊಬ್ಬ ತಲೆಯ ಮೇಲೆ ಹೊತ್ತು ನಡೆದನಂತೆ. ಅಲ್ಲಿಂದ ಶುರುವಾದ ನಡಿಗೆ ಎಷ್ಟೋ ವರ್ಷ ನಿಲ್ಲಲಿಲ್ಲ. ದೇವಸ್ಥಾನದ ಜಗುಲಿ, ನದಿಯ ಘಾಟು ಅವರ ಮನೆ. ಪುರಾಣ ಓದಿ, ಜನ ಕೊಟ್ಟ ಅಕ್ಕಿ ಕಾಸಿನಲ್ಲಿ ಬದುಕು. ಅವರು ಶಾಲೆಗೆ ಹೋಗಲೇ ಇಲ್ಲ. ಬೆಳಕು ಹರಿಯುವ ಮುಂಚೆ ತಾಯಿ ಎಬ್ಬಿಸಿ ಶ್ಲೋಕ ಹೇಳಿಕೊಡುತ್ತಿದ್ದರು. ಹನ್ನೆರಡು ವರ್ಷಕ್ಕೆಲ್ಲ ಭಾಗವತದ 18,000 ಶ್ಲೋಕ ಬಾಯಿಪಾಠ! ನಮಗೆ ಹದಿನಾರರ ಮಗ್ಗಿಯೇ ಕಷ್ಟ.

1874ರ ಹೊತ್ತಿಗೆ ಭೀಕರ ಬರಗಾಲ ಬಂತು. ಇದ್ದಬದ್ದ ಒಡವೆ, ಪಾತ್ರೆ, ಬಟ್ಟೆ ಎಲ್ಲ ಮಾರಿದರು. ಜಪ ಮಾಡಿದರು, ಉಪವಾಸ ಮಾಡಿದರು, ದಾನ ಕೊಟ್ಟರು. ಕೊನೆಗೆ ಏನೂ ಉಳಿಯದೆ ಕಾಡು ಸೇರಿ ಹನ್ನೊಂದು ದಿನ ನೀರು, ಎಲೆ, ಒಂದಿಷ್ಟು ಕಾಡು ಖರ್ಜೂರ ತಿಂದು ಜೀವ ಹಿಡಿದುಕೊಂಡಿದ್ದರು. ತಂದೆ ತೀರಿಕೊಂಡರು. ಸ್ವಲ್ಪ ದಿನಕ್ಕೇ ತಾಯಿಯೂ ಹೋದರು. ತಾಯಿಯ ಹೆಣ ಹೊರಲು ನಾಲ್ಕು ಜನ ಸಿಗಲಿಲ್ಲ. ಅಣ್ಣ ಶ್ರೀನಿವಾಸ, ಬೇರೆ ಇಬ್ಬರು, ನಾಲ್ಕನೆಯವರು ರಮಾಬಾಯಿ. ಅವರು ಕುಳ್ಳಗಿದ್ದರು. ಚಟ್ಟ ಸಮನಾಗಲಿ ಅಂತ ಹೆಗಲಿನ ಬದಲು ತಲೆಯ ಮೇಲೆ ಹೊತ್ತರು. ಇದನ್ನು ಓದುವಾಗ ನನಗೆ ಮುಂದಕ್ಕೆ ಓದಲು ಆಗಲಿಲ್ಲ. ಆಗ ಅವರಿಗೆ ಹದಿನಾರು ವರ್ಷ. ನಮ್ಮ ಅಕ್ಕಂದಿರ ವಯಸ್ಸು. ಆಮೇಲೆ ದೊಡ್ಡಕ್ಕನೂ ತೀರಿಕೊಂಡರು.

ಅಣ್ಣ ತಂಗಿ ಇಬ್ಬರೇ ಉಳಿದರು. ಸಾವಿರಾರು ಮೈಲಿ ಕಾಲ್ನಡಿಗೆಯಲ್ಲಿ ಕಾಶ್ಮೀರದವರೆಗೆ ಹೋದರು. ಹೊದೆಯಲು ಕಂಬಳಿ ಇರಲಿಲ್ಲ. ಝೇಲಂ ನದಿಯ ದಂಡೆಯಲ್ಲಿ ಮರಳು ತೋಡಿ, ಗುಂಡಿಯಲ್ಲಿ ಮಲಗಿ, ಮರಳನ್ನೇ ಹೊದ್ದುಕೊಂಡು ರಾತ್ರಿ ಕಳೆದರು. ಇಷ್ಟು ಪೂಜೆ ಮಾಡಿದರೂ ಹೀಗೇಕಾಯಿತು ಅಂತ ಅವರ ನಂಬಿಕೆಯೇ ಅಲುಗಾಡಿತು. ನಾನಾಗಿದ್ದರೂ ಹಾಗೇ ಅನ್ನಿಸುತ್ತಿತ್ತು.

1878ರಲ್ಲಿ ಅವರಿಬ್ಬರೂ ಕಲ್ಕತ್ತಕ್ಕೆ ಬಂದರು. ಅಲ್ಲಿಯ ವಿದ್ವಾಂಸರು ಈ ಇಪ್ಪತ್ತು ವರ್ಷದ ಹುಡುಗಿಯ ಸಂಸ್ಕೃತ ಕೇಳಿ ಬೆರಗಾಗಿ 'ಪಂಡಿತಾ' ಮತ್ತು 'ಸರಸ್ವತಿ' ಎಂಬ ಬಿರುದು ಕೊಟ್ಟರು. ಆದರೆ 1880ರಲ್ಲಿ ಅಣ್ಣನೂ ತೀರಿಕೊಂಡರು. ಅದೇ ವರ್ಷ ಬಿಪಿನ್ ಬಿಹಾರಿ ಎಂಬ ಬಂಗಾಳಿ ವಕೀಲರನ್ನು ರಮಾಬಾಯಿ ಮದುವೆಯಾದರು. ಅವರು ಬೇರೆ ಜಾತಿಯವರು. ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ ಹೂಡಿದರು. ಅಲ್ಲಿ ಗಂಡನ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆ ಸಿಕ್ಕಿತು. ಯೇಸುಕ್ರಿಸ್ತನ ಕಥೆಯನ್ನು ಮೊದಲು ಆಸಕ್ತಿಯಿಂದ ಓದಿದ್ದು ಅಲ್ಲೇ. 1881ರಲ್ಲಿ ಮನೋರಮಾ ಎಂಬ ಮಗಳು ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಗಂಡ ಕಾಲರಾದಿಂದ ತೀರಿಕೊಂಡರು. ಇಪ್ಪತ್ಮೂರು ವರ್ಷಕ್ಕೆ ವಿಧವೆ, ಕಂಕುಳಲ್ಲಿ ಹಸುಗೂಸು.

ಆಗಿನ ಕಾಲದಲ್ಲಿ ವಿಧವೆಯರ ಗತಿ ಹೇಳತೀರದು. ಎಂಟು ಹತ್ತು ವರ್ಷದ ಹುಡುಗಿಯಾದರೂ ಸರಿ, ತಲೆ ಬೋಳಿಸಿ ಮೂಲೆಯಲ್ಲಿ ಕೂರಿಸುತ್ತಿದ್ದರು. ಶುಭಕಾರ್ಯಕ್ಕೆ ಎದುರು ಬರಬಾರದು. ರಮಾಬಾಯಿ ಮೂಲೆಯಲ್ಲಿ ಕೂರಲಿಲ್ಲ. ಮಗಳನ್ನು ಎತ್ತಿಕೊಂಡು ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಸರ್ಕಾರದ ಹಂಟರ್ ಶಿಕ್ಷಣ ಆಯೋಗದ ಮುಂದೆ ನಿಂತು ಹೆಣ್ಣುಮಕ್ಕಳಿಗೆ ಕಲಿಸಲು ಶಿಕ್ಷಕಿಯರು ಬೇಕು, ನೋಡಲು ಲೇಡಿ ಡಾಕ್ಟರುಗಳು ಬೇಕು ಅಂತ ಹೇಳಿದರು. ತಾವೇ ಡಾಕ್ಟರಾಗಬೇಕು ಅಂತ 1883ರಲ್ಲಿ ಹಡಗು ಹತ್ತಿ ಇಂಗ್ಲೆಂಡಿಗೆ ಹೋದರು. ಆದರೆ ಅವರಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಆದ್ದರಿಂದ ಡಾಕ್ಟರ್ ಓದು ಕೈತಪ್ಪಿತು.

ಈಗ ಮುಖ್ಯವಾದ ಸಂಗತಿ ಬರುತ್ತದೆ. ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನ ಕ್ರೈಸ್ತ ಸಿಸ್ಟರುಗಳ ಮಠದಲ್ಲಿ ರಮಾಬಾಯಿ ಉಳಿದುಕೊಂಡಿದ್ದರು. ಲಂಡನ್ನಿನ ಫುಲ್ಹಾಮ್ ಎಂಬಲ್ಲಿ ಆ ಸಿಸ್ಟರುಗಳು ಒಂದು ಮನೆ ನಡೆಸುತ್ತಿದ್ದರು. ದಾರಿ ತಪ್ಪಿದವರು ಅಂತ ಊರೆಲ್ಲ ಬೈದು ಹೊರಗೆ ಹಾಕಿದ ಹೆಂಗಸರು ಅಲ್ಲಿದ್ದರು. ಸಿಸ್ಟರುಗಳು ಅವರನ್ನು ಅಕ್ಕತಂಗಿಯರ ಹಾಗೆ ನೋಡಿಕೊಳ್ಳುತ್ತಿದ್ದರು. ಅಂಥವರಿಗೂ ಇಷ್ಟು ಪ್ರೀತಿ ಯಾಕೆ ಅಂತ ರಮಾಬಾಯಿಗೆ ಆಶ್ಚರ್ಯ. ಕಾರಣ ಕೇಳಿದಾಗ ಅವರು ಯೋಹಾನನ ಸುವಾರ್ತೆಯಲ್ಲಿರುವ ಸಮಾರ್ಯದ ಹೆಂಗಸಿನ ಕಥೆ ತೋರಿಸಿದರು.

ಆ ಕಥೆ ಹೀಗಿದೆ. ಯೇಸು ನಡೆದು ಸುಸ್ತಾಗಿ ಮಧ್ಯಾಹ್ನದ ಬಿಸಿಲಲ್ಲಿ ಒಂದು ಬಾವಿಯ ಹತ್ತಿರ ಕೂತಿದ್ದ. ಒಬ್ಬ ಹೆಂಗಸು ನೀರಿಗೆ ಒಬ್ಬಳೇ ಬಂದಳು. ಅವಳ ಜನಕ್ಕೂ ಯೇಸುವಿನ ಜನಕ್ಕೂ ಬಳಕೆ ಇರಲಿಲ್ಲ. ಅವಳಿಗೆ ಐದು ಗಂಡಂದಿರಾಗಿದ್ದರು, ಆಗ ಜೊತೆಗಿದ್ದವನು ಗಂಡನಲ್ಲ. ಅದೆಲ್ಲ ಗೊತ್ತಿದ್ದೂ ಯೇಸು ಅವಳ ಹತ್ತಿರ ಕುಡಿಯಲು ನೀರು ಕೇಳಿದ. ಮತ್ತೆಂದೂ ಬಾಯಾರಿಕೆಯಾಗದ ಜೀವದ ನೀರನ್ನು ತಾನು ಕೊಡುತ್ತೇನೆ ಅಂತ ಅವಳಿಗೆ ತಿಳಿಸಿದ.

ಇದನ್ನು ಓದಿದಾಗ ನನಗೆ ನಮ್ಮೂರ ಬೋರ್‌ವೆಲ್ ನೆನಪಾಯಿತು. ಅಲ್ಲಿಗೂ ಒಬ್ಬರು ಎಲ್ಲರೂ ತುಂಬಿಕೊಂಡು ಹೋದ ಮೇಲೆ ಬರುತ್ತಾರೆ. ಯಾರು ಅಂತ ಬರೆಯೋದಿಲ್ಲ. ಅವರು ಹತ್ತಿರ ಬಂದಾಗ ದೊಡ್ಡವರು ಮಾತು ನಿಲ್ಲಿಸುತ್ತಾರೆ. ಒಂದು ಸಲ ನಾನೂ ನನ್ನ ಕೊಡ ಪಕ್ಕಕ್ಕೆ ಎಳೆದುಕೊಂಡಿದ್ದೆ. ಅವರು ನನಗೆ ಏನೂ ಮಾಡಿರಲಿಲ್ಲ.

ದೇವರು ತಪ್ಪು ಮಾಡಿದವರನ್ನು ದೂರ ತಳ್ಳುವುದಿಲ್ಲ, ಹತ್ತಿರ ಕರೆದು ಹೊಸ ಬದುಕು ಕೊಡುತ್ತಾನೆ ಎಂಬ ಮಾತು ರಮಾಬಾಯಿಯ ಮನಸ್ಸಿಗೆ ನಾಟಿತು. 1883ರ ಸೆಪ್ಟೆಂಬರ್ 29ರಂದು ಅವರೂ ಪುಟ್ಟ ಮನೋರಮೆಯೂ ದೀಕ್ಷಾಸ್ನಾನ ಪಡೆದು ಕ್ರೈಸ್ತರಾದರು. ಪುಣೆಯಲ್ಲಿ ಅವರನ್ನು ಹೊಗಳಿದ್ದ ಎಷ್ಟೋ ಜನರಿಗೆ ಬೇಸರವಾಯಿತು.

ಆಮೇಲೆ ಅವರು ಅಮೆರಿಕಕ್ಕೆ ಹೋದರು. 1887ರಲ್ಲಿ ನಮ್ಮ ದೇಶದ ಮೇಲ್ಜಾತಿಯ ಹೆಂಗಸರ ಕಷ್ಟಗಳ ಬಗ್ಗೆ ಇಂಗ್ಲಿಷಿನಲ್ಲಿ ಪುಸ್ತಕ ಬರೆದರು. ಅಲ್ಲಿಯ ಜನ ಹಣ ಕೂಡಿಸಿ ಕೊಟ್ಟರು. 1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ಎಂಬ ಶಾಲೆ ತೆರೆದರು. ಅಲ್ಲಿಗೆ ಸೇರಿದ ಮೊದಲ ವಿಧವೆ ಗೋದೂಬಾಯಿ. ಮುಂದೆ ಅವರನ್ನು ಸಮಾಜ ಸುಧಾರಕ ಧೋಂಡೋ ಕೇಶವ ಕರ್ವೆಯವರು ಮದುವೆಯಾದರು. ಮರುವರ್ಷ ಶಾಲೆ ಪುಣೆಗೆ ಬಂತು. ಅಲ್ಲಿ ಹುಡುಗಿಯರನ್ನು ಕ್ರೈಸ್ತರನ್ನಾಗಿ ಮಾಡುತ್ತಾರೆ ಅಂತ ಜಗಳವಾಯಿತು. 1893ರಲ್ಲಿ ರಾನಡೆ, ಭಂಡಾರ್ಕರ್ ಅವರಂಥ ದೊಡ್ಡವರೂ ಸಲಹಾ ಸಮಿತಿ ಬಿಟ್ಟರು. ಕೆಲವು ಪೋಷಕರು ಮಕ್ಕಳನ್ನು ಕರೆದುಕೊಂಡು ಹೋದರು. ಆದರೂ ರಮಾಬಾಯಿ ಶಾಲೆ ಮುಚ್ಚಲಿಲ್ಲ.

ಇನ್ನೊಂದು ವಿಷಯ ನನಗೆ ವಿಶೇಷ ಅನ್ನಿಸಿತು. ದೀಕ್ಷಾಸ್ನಾನವಾಗಿ ಎಂಟು ವರ್ಷವಾದ ಮೇಲೆ, ಸುಮಾರು 1891ರಲ್ಲಿ, ತಮಗೆ ಕ್ರೈಸ್ತ ಧರ್ಮ ಸಿಕ್ಕಿದೆ, ಆದರೆ ಕ್ರಿಸ್ತ ಇನ್ನೂ ಸಿಕ್ಕಿಲ್ಲ ಅಂತ ಅವರಿಗೆ ಅರಿವಾಯಿತು. ಅಷ್ಟು ದಿನ ತಲೆಯಿಂದ ನಂಬಿದ್ದರು. ತಮ್ಮ ವಿದ್ಯೆಯಿಂದಾಗಲಿ ಒಳ್ಳೆಯ ಕೆಲಸದಿಂದಾಗಲಿ ದೇವರ ಪ್ರೀತಿಯನ್ನು ಸಂಪಾದಿಸಲು ಆಗುವುದಿಲ್ಲ, ಅದು ಪುಕ್ಕಟೆಯಾಗಿ ಸಿಗುವ ದಾನ ಅಂತ ಆಗ ಮನಸ್ಸಿನಿಂದ ಒಪ್ಪಿಕೊಂಡರು. ಅವರಿಗೆ ಬಹಳ ಶಾಂತಿ ಸಿಕ್ಕಿತು. ಇದನ್ನೇ ಕ್ರೈಸ್ತರು ಹೊಸ ಹುಟ್ಟು ಅಂತ ಕರೆಯುತ್ತಾರೆ. ಅಂದ್ರೆ ಹೆಸರು, ಊರು, ಮುಖ ಎಲ್ಲ ಅದೇ, ಒಳಗಿನ ಮನುಷ್ಯ ಮಾತ್ರ ಹೊಸಬ.

ಒಳಗೆ ಹೊಸದಾಗಿದ್ದು ಹೊರಗೆ ಹೇಗೆ ಗೊತ್ತಾಗಬೇಕು? 1896ರಲ್ಲಿ ಮತ್ತೆ ಬರಗಾಲ ಬಂತು. ಮಧ್ಯ ಭಾರತದಲ್ಲಿ ಜನ ಹಸಿವಿನಿಂದ ಸಾಯುತ್ತಿದ್ದರು. ರಮಾಬಾಯಿಗೆ ತಾವು ಎಲೆ ತಿಂದ ದಿನಗಳು ನೆನಪಾದವು. ಅನಾಥ ಹುಡುಗಿಯರನ್ನು ಕೆಟ್ಟ ಜನ ಮೋಸ ಮಾಡಿ ಕರೆದೊಯ್ಯುತ್ತಿದ್ದರು. ಕೈಯಲ್ಲಿ ದುಡ್ಡಿಲ್ಲದಿದ್ದರೂ ಹೊರಟೇಬಿಟ್ಟರು. ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನು ಕರೆತಂದರು. ಮೂಳೆ ಚರ್ಮ ಮಾತ್ರ ಉಳಿದ ಮಕ್ಕಳು, ಹುಣ್ಣಾದವರು, ಕಾಯಿಲೆಯವರು. ಪುಣೆಯ ಹತ್ತಿರದ ಕೇಡಗಾಂವ್ ಎಂಬ ಹಳ್ಳಿಯ ತಮ್ಮ ಜಮೀನಿನಲ್ಲಿ ಜಾಗ ಮಾಡಿದರು. ಅದೇ ಮುಕ್ತಿ ಸದನ. 1900ರ ಬರಗಾಲದಲ್ಲಿ ಗುಜರಾತಿನಿಂದಲೂ ಕರೆತಂದರು. ಆಗ ಅಲ್ಲಿ ಸುಮಾರು 2,000 ಜನ ಇದ್ದರು. ನಮ್ಮ ಶಾಲೆಯಲ್ಲಿ ಇಷ್ಟು ಮಕ್ಕಳಿಗೆ ಊಟ ಬಡಿಸೋದಕ್ಕೇ ಗಲಾಟೆ ಆಗುತ್ತೆ. 2,000 ಜನಕ್ಕೆ ದಿನಾ ಅನ್ನ ಹಾಕೋದು ಅಂದ್ರೆ ಯೋಚನೆ ಮಾಡಿ!

ಬರೀ ಅನ್ನ ಹಾಕಿ ಕೂರಿಸಲಿಲ್ಲ. ಬಾವಿ ತೋಡಿಸಿದರು, ಹೊಲ ಮಾಡಿಸಿದರು. ಹುಡುಗಿಯರು ಓದು ಬರಹದ ಜೊತೆ ನೇಯ್ಗೆ, ಹೊಲಿಗೆ, ಎಣ್ಣೆ ತೆಗೆಯುವುದು, ಹಸು ಸಾಕುವುದು, ಅಚ್ಚುಕೂಟದ ಕೆಲಸ ಕಲಿತರು. ಕುರುಡು ಹುಡುಗಿಯರಿಗೆ ಬೆರಳಿನಿಂದ ಮುಟ್ಟಿ ಓದುವ ಬ್ರೈಲ್ ಲಿಪಿ ಕಲಿಸಿದರು. ಇನ್ನೊಂದು ಮನೆ ಕಟ್ಟಿಸಿ ಅದಕ್ಕೆ ಕೃಪಾ ಸದನ ಅಂತ ಹೆಸರಿಟ್ಟರು. ಅದು ಯಾರಿಗೆ ಗೊತ್ತಾ? ಮೋಸಹೋಗಿ, ಜಾರಿಬಿದ್ದು, ಮನೆಯವರೂ ಸೇರಿಸದೆ ಬಿಟ್ಟ ಹೆಂಗಸರಿಗೆ. ಫುಲ್ಹಾಮಿನಲ್ಲಿ ಕಂಡ ಕರುಣೆಯನ್ನು ಅವರು ಕೇಡಗಾಂವಿನ ಮಣ್ಣಿನಲ್ಲಿ ಕಟ್ಟಿ ನಿಲ್ಲಿಸಿದರು.

ಹಳ್ಳಿಯ ಹೆಂಗಸರಿಗೂ ತಿಳಿಯಬೇಕು ಅಂತ ಬೈಬಲನ್ನು ಸುಲಭ ಮರಾಠಿಗೆ ಅನುವಾದ ಮಾಡಲು ಕೂತರು. ಅದಕ್ಕಾಗಿ ಹೀಬ್ರೂ, ಗ್ರೀಕ್ ಭಾಷೆ ಕಲಿತರು. ಅವರ ಹುಡುಗಿಯರೇ ಅಚ್ಚಿನ ಮೊಳೆ ಜೋಡಿಸಿ ಮುದ್ರಿಸಿದರು. ಮಗಳು ಮನೋರಮಾ ತಾಯಿಗೆ ಬಲಗೈಯಾಗಿದ್ದಳು. ನಮ್ಮ ಗುಲ್ಬರ್ಗದಲ್ಲೂ (ಈಗಿನ ಕಲಬುರಗಿ) ಅವರ ಕಡೆಯಿಂದ ಹೆಣ್ಣುಮಕ್ಕಳ ಶಾಲೆ ನಡೆಯಿತು. 1919ರಲ್ಲಿ ಸರ್ಕಾರ ಕೈಸರ್-ಇ-ಹಿಂದ್ ಪದಕ ಕೊಟ್ಟಿತು. ಆದರೆ 1921ರ ಜುಲೈನಲ್ಲಿ ಮನೋರಮಾ ನಲವತ್ತೇ ವರ್ಷಕ್ಕೆ ತೀರಿಕೊಂಡಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ, ಕೊನೆಗೆ ಮಗಳು. ಇಷ್ಟು ಜನರನ್ನು ಕಳೆದುಕೊಂಡರೂ ರಮಾಬಾಯಿ ಕೆಲಸ ನಿಲ್ಲಿಸಲಿಲ್ಲ. ಅನುವಾದ ಮುಗಿಸಿ, 1922ರ ಏಪ್ರಿಲ್ 5ರಂದು ತಾವೂ ಕಣ್ಣು ಮುಚ್ಚಿದರು. 1989ರಲ್ಲಿ ಅವರ ಚಿತ್ರವಿರುವ ಅಂಚೆ ಚೀಟಿ ಬಂತು. ಕೇಡಗಾಂವಿನ ಮುಕ್ತಿ ಸದನ ಈಗಲೂ ಇದೆ.

ಇದನ್ನು ಬರೆಯುವಾಗ ಒಂದು ಪ್ರಶ್ನೆ ಕಾಡಿತು. ದೇವರಿಗೆ ಅಷ್ಟು ಕರುಣೆ ಇದ್ದರೆ ಅವರ ತಾಯಿಯನ್ನು ಯಾಕೆ ಉಳಿಸಲಿಲ್ಲ? ಇದಕ್ಕೆ ಉತ್ತರ ನನಗೆ ಗೊತ್ತಿಲ್ಲ. ಟೀಚರನ್ನು ಕೇಳಿದೆ. ಅವರೂ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆದರೆ ಆ ತಾಯಿಯ ಚಟ್ಟ ಹೊತ್ತ ತಲೆಯೇ ಮುಂದೆ ಸಾವಿರಾರು ಅನಾಥ ಮಕ್ಕಳ ಚಿಂತೆ ಹೊತ್ತಿತು ಅನ್ನೋದು ಮಾತ್ರ ನಿಜ. ಯಾವ ಜಾತಿ, ಏನು ತಪ್ಪು ಮಾಡಿದೆ ಅಂತ ಕೇಳದೆ ಬಾಗಿಲು ತೆಗೆಯೋದೇ ಕರುಣೆ ಅಂತ ನನಗೆ ಅರ್ಥವಾಯಿತು. ಅದನ್ನು ಯಾವ ಧರ್ಮದವರೂ ಮಾಡಬಹುದು, ನಮ್ಮಂಥ ಮಕ್ಕಳೂ ಮಾಡಬಹುದು.

ಹೋದ ಸೋಮವಾರ ಬೋರ್‌ವೆಲ್ ಹತ್ತಿರ ಅವರು ಬಂದರು. ನಾನು ನನ್ನ ಕೊಡ ಎಳೆದುಕೊಳ್ಳಲಿಲ್ಲ. ನೀವು ಮೊದಲು ಹಿಡ್ಕೊಳ್ಳಿ ಅಕ್ಕಾ ಅಂತ ಹೇಳಿ ನಾನೇ ಪಂಪು ಹೊಡೆದೆ. ಅವರು ಏನೂ ಮಾತಾಡಲಿಲ್ಲ. ಹೋಗುವಾಗ ಒಂದು ಸಲ ತಿರುಗಿ ನೋಡಿದರು. ಮನೆಯಲ್ಲಿ ಅಮ್ಮ ಬೈತಾರೇನೋ ಅಂತ ಹೆದರಿಕೆಯಾಯಿತು. ಅಮ್ಮ ಬೈಯಲಿಲ್ಲ.