ಎರಡಾಣೆಯನ್ನು ಆದರಿಸಿದ ಮಹನೀಯರು: ಡಾ. ಟಿ. ಎಂ. ಎ. ಪೈ

ಮಂಜೇಶ್ವರದ ಹೆಸರನ್ನೆತ್ತಿದೊಡನೆ ಕನ್ನಡಿಗರಿಗೆ ಗೋವಿಂದ ಪೈಗಳ ನೆನಪಾಗುವುದು ಸಹಜ. ಈ ಸಂಚಿಕೆಯಲ್ಲಿ ನಾವು ಸ್ಮರಿಸಹೊರಟಿರುವುದು ಇನ್ನೊಬ್ಬ ಪೈಗಳನ್ನು; ಕಾವ್ಯದಲ್ಲಲ್ಲ, ವ್ಯವಹಾರದಲ್ಲಿ ಹೊಸ ಹಾದಿಯನ್ನು ತೆರೆದವರನ್ನು. ಅವರು ನಮಗೆ ಹೊರಗಿನವರಲ್ಲ. 1956ನೆಯ ನವೆಂಬರ್ 1ರವರೆಗೆ ಉಡುಪಿಯೂ ಮಂಜೇಶ್ವರವೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ಊರುಗಳಾಗಿದ್ದವು.

ತೋನ್ಸೆ ಮಾಧವ ಅನಂತ ಪೈಯವರು 1898ನೆಯ ಏಪ್ರಿಲ್ 30ರಂದು ಉಡುಪಿಯ ಸಮೀಪದ ಕಲ್ಯಾಣಪುರದಲ್ಲಿ ಜನಿಸಿದರು. ಮದರಾಸಿನಲ್ಲಿ ವೈದ್ಯಕೀಯ ಪದವಿಯನ್ನು ಪಡೆದು ಜಪಾನಿಗೆ ಹೋಗಿ ವೃತ್ತಿ ನಡೆಸುವ ಆಸೆಯನ್ನಿಟ್ಟುಕೊಂಡಿದ್ದ ತರುಣನನ್ನು ತಾಯಿಯು ಹುಟ್ಟೂರಿನಲ್ಲಿಯೇ ನಿಲ್ಲುವಂತೆ ಒಪ್ಪಿಸಿದರೆಂದು ಪ್ರತೀತಿ. ಊರಿನ ರೋಗಿಗಳನ್ನು ನೋಡುತ್ತ ಹೋದ ವೈದ್ಯರಿಗೆ, ರೋಗದ ಬೆನ್ನಿಗಿದ್ದ ಬಡತನವೂ ಕಣ್ಣಿಗೆ ಬೀಳದೆ ಇರಲಿಲ್ಲ.

ಆ ದಿನಗಳಲ್ಲಿ ಕರಾವಳಿಯ ಕೈಮಗ್ಗದ ಉದ್ಯಮವು ಸಂಕಟದಲ್ಲಿತ್ತು. ನೇಕಾರರಿಗೆ ಹಣದ ಆಸರೆಯಿರಲಿಲ್ಲ. ಈ ಕೊರತೆಯನ್ನು ನೀಗಲು 1925ರಲ್ಲಿ ಡಾ. ಪೈಯವರು, ಅವರ ಅಣ್ಣ ವ್ಯಾಪಾರಿ ಉಪೇಂದ್ರ ಅನಂತ ಪೈಗಳು, ಇಂಜಿನಿಯರ್ ವಾಮನ ಕುಡ್ವರು, ಈ ಮೂವರು ಸೇರಿ ಎಂಟು ಸಾವಿರ ರೂಪಾಯಿಗಳ ಬಂಡವಾಳದಿಂದ ಉಡುಪಿಯಲ್ಲಿ ಕೆನರಾ ಇಂಡಸ್ಟ್ರಿಯಲ್ ಎಂಡ್ ಬ್ಯಾಂಕಿಂಗ್ ಸಿಂಡಿಕೇಟನ್ನು ಸ್ಥಾಪಿಸಿದರು.

ಸಾಲ ಕೊಡಬೇಕಾದರೆ ಠೇವಣಿ ಬರಬೇಕು. ಶ್ರೀಮಂತರ ಠೇವಣಿಗಾಗಿ ದೊಡ್ಡ ಬ್ಯಾಂಕುಗಳೊಡನೆ ಸ್ಪರ್ಧಿಸುವುದು ಈ ಚಿಕ್ಕ ಸಂಸ್ಥೆಗೆ ಸುಲಭವಲ್ಲ. ಇತ್ತ ಮೀನು ಮಾರುವವಳು, ಬೀಡಿ ಕಟ್ಟುವವನು, ಬೀದಿಬದಿಯ ಅಂಗಡಿಯವನು, ಇವರ ಕೈಯಲ್ಲಿ ದಿನವೂ ನಾಲ್ಕು ಕಾಸು ಓಡಾಡುತ್ತಿತ್ತು. ಸಂಜೆಗೆ ಅದು ಉಳಿಯುತ್ತಿರಲಿಲ್ಲ. ಎರಡಾಣೆಯನ್ನು ಹಿಡಿದುಕೊಂಡು, ದುಡಿಮೆ ಬಿಟ್ಟು, ಬ್ಯಾಂಕಿನ ಮೆಟ್ಟಿಲೇರುವವರು ಯಾರು? ಜನರು ಬ್ಯಾಂಕಿಗೆ ಬಾರದಿದ್ದರೆ ಬ್ಯಾಂಕೇ ಜನರ ಬಾಗಿಲಿಗೆ ಹೋಗಲೆಂಬ ವಿಚಾರವು 1928ರಲ್ಲಿ ಪಿಗ್ಮಿ ಠೇವಣಿಯೆಂಬ ರೂಪವನ್ನು ತಾಳಿತು. ದಿನಕ್ಕೆ ಎರಡಾಣೆಯಷ್ಟು ಅಲ್ಪ ಮೊತ್ತವನ್ನೂ ಏಜಂಟರು ಮನೆಬಾಗಿಲಿನಿಂದ ಸಂಗ್ರಹಿಸತೊಡಗಿದರು. ಲೆಕ್ಕ ಹಾಕಿ ನೋಡೋಣ: ದಿನಕ್ಕೆ ಎರಡಾಣೆಯೆಂದರೆ ವರ್ಷಕ್ಕೆ 45 ರೂಪಾಯಿ 10 ಆಣೆ. ಕೂಲಿಯವನ ಮನೆಗೆ ಆ ಕಾಲದಲ್ಲಿ ಅದು ಸಣ್ಣ ಗಂಟಲ್ಲ.

ಹೊಸ ವಿಚಾರ ಹೊಳೆಯುವುದೊಂದು, ಅದನ್ನು ಸಂಸ್ಥೆಯೊಳಗೆ ನೆಲೆಗೊಳಿಸುವುದು ಇನ್ನೊಂದು. ಎರಡಾಣೆಯನ್ನು ತರಲು ಸಂಬಳದ ಗುಮಾಸ್ತನನ್ನು ಕಳುಹಿಸಿದರೆ ಖರ್ಚೇ ಗಳಿಕೆಯನ್ನು ನುಂಗಿಬಿಡುವುದು. ಆದುದರಿಂದ ಸಂಗ್ರಹಿಸಿದ ಮೊತ್ತದ ಮೇಲೆ ಕಮಿಷನ್ ಪಡೆಯುವ ಏಜಂಟರ ಏರ್ಪಾಡು ಬಂದಿತು. ಅವರು ಊರಿನವರೇ, ಜನರ ಗುರುತು, ಮಾತು, ಮರ್ಯಾದೆ ಬಲ್ಲವರು. ನಂಬಿಕೆಯೇ ಇಲ್ಲಿ ನಿಜವಾದ ಬಂಡವಾಳವಾಗಿತ್ತು. ಬ್ರಹ್ಮಾವರದಲ್ಲಿ ಮೊದಲ ಶಾಖೆ ತೆರೆದುದೂ ಅದೇ 1928ರಲ್ಲಿಯೇ. ಪಟ್ಟಣಕ್ಕಿಂತ ಹಳ್ಳಿಯತ್ತ ನಡೆದ ಈ ಹೆಜ್ಜೆಯು ಸಂಸ್ಥೆಯ ಸ್ವಭಾವವೇ ಆಯಿತು.

ಆದರೂ ಈ ಏರ್ಪಾಡಿನ ಭಾರವನ್ನು ಹೊತ್ತವರನ್ನು ನಾವು ಮರೆಯಲಾಗದು. ಮಳೆಯೆನ್ನದೆ ಬಿಸಿಲೆನ್ನದೆ ಅಲೆದ ಏಜಂಟರಿಗೆ ಕಮಿಷನ್ನೇ ಗತಿಯಾಗಿತ್ತು. ಅವರ ಸ್ಥಾನಮಾನದ ಪ್ರಶ್ನೆಯು ಬಹುಕಾಲ ಬಗೆಹರಿಯದೆ, ಕೊನೆಗೆ 2001ರಲ್ಲಿ ಸುಪ್ರೀಂ ಕೋರ್ಟು ಅವರು ಕಾನೂನಿನ ಅರ್ಥದಲ್ಲಿ ಕಾರ್ಮಿಕರೇ ಹೌದೆಂದೂ, ಖಾಯಂ ನೌಕರರಾಗಿ ಸೇರಿಸಿಕೊಳ್ಳತಕ್ಕವರಲ್ಲವೆಂದೂ ತೀರ್ಮಾನಿಸಿತು. ಒಳ್ಳೆಯ ಯೋಜನೆಯೂ ತನ್ನ ದುಡಿಮೆಗಾರರ ಲೆಕ್ಕವನ್ನು ಬೇರೆಯಾಗಿ ಬರೆದಿಡಬೇಕೆಂಬುದು ಇದರಿಂದ ನಾವು ಕಲಿಯುವ ಪಾಠ.

ಡಾ. ಪೈಯವರು ಇದೇ ಧೈರ್ಯವನ್ನು ವಿದ್ಯಾರಂಗಕ್ಕೂ ತಂದರು. 1942ರಲ್ಲಿ ಎಕಾಡೆಮಿ ಆಫ್ ಜನರಲ್ ಎಜುಕೇಶನ್ ಸಂಸ್ಥೆಯನ್ನೂ, 1953ರಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನೂ ಮಣಿಪಾಲದ ಬೋಳುಗುಡ್ಡದ ಮೇಲೆ ನಿಲ್ಲಿಸಿದರು. 1964ರಲ್ಲಿ ಸಿಂಡಿಕೇಟ್ ಬ್ಯಾಂಕ್ ಎಂಬ ಹೆಸರು ತಳೆದ ಅವರ ಬ್ಯಾಂಕು 1969ರಲ್ಲಿ ರಾಷ್ಟ್ರೀಕೃತವಾಯಿತು. 1972ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. 1979ನೆಯ ಮೇ 29ರಂದು ಅವರು ಕೀರ್ತಿಶೇಷರಾದರು. 2020ನೆಯ ಏಪ್ರಿಲ್ 1ರಂದು ಆ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿ ವಿಲೀನವಾಗಿ ಹೆಸರು ಅಳಿಯಿತು. ಪಿಗ್ಮಿಯೆಂಬ ಮಾತು ಮಾತ್ರ ನಮ್ಮ ಪೇಟೆಬೀದಿಗಳಲ್ಲಿ ಉಳಿದಿದೆ.

ಗಡಿನಾಡಿನ ಕನ್ನಡಿಗರಾದ ನಮಗೆ ಈ ಚರಿತ್ರೆಯು ಕೇವಲ ಹಣದ ಕಥೆಯಲ್ಲ. ತುಳು, ಕೊಂಕಣಿ, ಮಲೆಯಾಳ, ಬ್ಯಾರಿ, ಕನ್ನಡಗಳು ಒಂದೇ ಸಂತೆಯಲ್ಲಿ ಬೆರೆಯುವ ಈ ನಾಡಿನಲ್ಲಿ, ವರ್ಷಕ್ಕೊಮ್ಮೆ ವೇದಿಕೆ ಕಟ್ಟಿ, ಜನರು ಬರಲಿಲ್ಲವೆಂದು ಕೊರಗುವುದು ನಮ್ಮಂತಹ ಸಂಘಗಳ ವಾಡಿಕೆ. ಡಾ. ಪೈಯವರು ಹಾಗೆ ಕೊರಗಿ ಕುಳಿತವರಲ್ಲ, ಬಾಗಿಲಿಗೆ ಹೋದವರು. ಮನೆಯೊಂದಕ್ಕೆ ಒಂದು ಪುಸ್ತಕ, ಮಗುವೊಂದಕ್ಕೆ ದಿನಕ್ಕೆ ಅರ್ಧ ಗಳಿಗೆಯ ಓದು, ಇಷ್ಟನ್ನು ನಾವು ನಿತ್ಯವೂ ಬಾಗಿಲಿಗೆ ಒಯ್ದರೆ ಸಾಕು. ಎರಡಾಣೆಯಂತೆ ಅದು ಕೈಗೆ ಅಲ್ಪವಾಗಿ ಕಂಡೀತು. ವರ್ಷಾಂತ್ಯದ ಲೆಕ್ಕದಲ್ಲಿ ಅಲ್ಪವಾಗಿ ಉಳಿಯಲಾರದು.