ಭೂಲೋಕಮಲ್ಲನ ಬಿಲ್ಲು

ನಮ್ಮ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಸೀಮೆಯಲ್ಲಿ ಊರ ಮುಂದೆಯೋ ಕೆರೆಯ ಏರಿಯ ಮೇಲೋ ವೀರಗಲ್ಲು ನಿಂತಿರುವುದು ಅಪರೂಪವೇನಲ್ಲ. ಕೆಳಗಿನ ಪಟ್ಟಿಕೆಯಲ್ಲಿ ಕಿವಿಯವರೆಗೆ ಹೆದೆ ಸೆಳೆದ ವೀರ, ನಡುವೆ ಅವನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗ. ಇಂತಹ ಕಲ್ಲುಗಳನ್ನು ಕಂಡಾಗಲೆಲ್ಲ ನನ್ನಲ್ಲಿ ಏಳುವ ಪ್ರಶ್ನೆ ಒಂದೇ. ಬಿದಿರಿನ ಬಿಲ್ಲಿನಿಂದ ಹೊರಟ ಒಂದು ಕಡ್ಡಿ ನಿಜವಾಗಿ ಎಷ್ಟು ಆಳಕ್ಕೆ ನಾಟುತ್ತಿತ್ತು? ಉತ್ತರವನ್ನು ಅರಸಿ ಗ್ರಂಥಾಲಯಕ್ಕೆ ಹೋದ ನನಗೆ ಎದುರಾದವನು ಒಬ್ಬ ಚಕ್ರವರ್ತಿ. ಇತಿಹಾಸದ ಪಠ್ಯಗಳಲ್ಲಿ ಎರಡು ಸಾಲಿನಲ್ಲಿ ಮುಗಿದುಹೋಗುವ ಮೂರನೆಯ ಸೋಮೇಶ್ವರ.

ಅವನು ಕಲ್ಯಾಣದ ಚಾಳುಕ್ಯ ವಂಶದವನು. ತಂದೆ ಆರನೆಯ ವಿಕ್ರಮಾದಿತ್ಯ ಕ್ರಿ.ಶ. 1076ರಿಂದ 1126ರವರೆಗೆ ಐವತ್ತು ವರ್ಷ ಆಳಿ, ಬಿಲ್ಹಣನಂತಹ ಕವಿಗೂ ವಿಜ್ಞಾನೇಶ್ವರನಂತಹ ಧರ್ಮಶಾಸ್ತ್ರಜ್ಞನಿಗೂ ಆಶ್ರಯವಿತ್ತವನು. ಅಂತಹ ತಂದೆಯ ತರುವಾಯ ಪಟ್ಟವೇರುವುದು ಸುಲಭದ ಮಾತಲ್ಲ. ಮಗನಾದರೋ ತಂದೆಯ ಚರಿತ್ರೆಯನ್ನು ವಿಕ್ರಮಾಂಕಾಭ್ಯುದಯವೆಂಬ ಹೆಸರಿನಲ್ಲಿ ತಾನೇ ಬರೆಯಲು ತೊಡಗಿದನು. ಅದು ಪೂರ್ತಿಯಾಗಿ ನಮಗೆ ದೊರೆತಿಲ್ಲ. ಭೂಲೋಕಮಲ್ಲ, ಸರ್ವಜ್ಞ ಚಕ್ರವರ್ತಿ ಎಂಬುವು ಅವನ ಬಿರುದುಗಳು. ನಮ್ಮ ಈ ನಾಡೂ ಅವನ ಆಳ್ವಿಕೆಗೆ ಸೇರಿತ್ತು. ಸ್ಥೂಲವಾಗಿ ಹೇಳುವುದಾದರೆ ಪಡುವಣ ಭಾಗ ಬನವಾಸಿ ಹನ್ನೆರಡು ಸಾವಿರದ ಕಡೆಗೆ, ಮೂಡಣ ಭಾಗ ನೊಳಂಬವಾಡಿ ಮೂವತ್ತೆರಡು ಸಾವಿರದ ಕಡೆಗೆ.

ಅವನ ಕೀರ್ತಿಯೆಲ್ಲ ನಿಂತಿರುವುದು ಸುಮಾರು 1129ರಲ್ಲಿ ಸಂಸ್ಕೃತದಲ್ಲಿ ರಚಿಸಿದ ಮಾನಸೋಲ್ಲಾಸದ ಮೇಲೆ. ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯ. ರಾಜ್ಯ ಪಡೆಯುವುದು, ಉಳಿಸಿಕೊಳ್ಳುವುದು, ಊಟ, ಉಡುಪು, ಸಂಗೀತ, ನೃತ್ಯ, ಯಾವುದನ್ನೂ ಬಿಟ್ಟಿಲ್ಲ. ನಮ್ಮ ಹಾಸ್ಟೆಲಿನ ಇಡ್ಲಿ ದೋಸೆಗಳ ಪೂರ್ವಜರೂ ಅಲ್ಲಿ ಇದ್ದಾರೆ. ರುಚಿಯಲ್ಲಿ ಅವು ಮೇಲಾಗಿದ್ದಿರಬೇಕೆಂದು ನನ್ನ ಊಹೆ. ನಾಲ್ಕನೆಯದಾದ ವಿನೋದ ವಿಂಶತಿ ಆರಂಭವಾಗುವುದೇ ಶಸ್ತ್ರವಿನೋದದಿಂದ. ಅಲ್ಲಿ ರಾಜನು ಸಭಿಕರ ಮುಂದೆ ಬಿಲ್ಲು ಮೊದಲಾದ ಆಯುಧಗಳಲ್ಲಿ ತನ್ನ ಕೈಚಳಕವನ್ನು ತಾನೇ ತೋರಿಸಬೇಕು. ಮುಂದೆ ನಾಯಿ, ಡೇಗೆ, ಮೀನು ಇವುಗಳ ವಿನೋದಗಳು ಸಾಲಾಗಿ ಬಂದು, ಹಿಂದೆಯೇ ಮೃಗಯಾವಿನೋದ, ಎಂದರೆ ಬೇಟೆ, ಬರುತ್ತದೆ. ಮೀನುಗಳಲ್ಲಿಯೇ ಮೂವತ್ತೈದು ಬಗೆಗಳನ್ನು ಹೆಸರಿಸಿ, ಯಾವುದಕ್ಕೆ ಯಾವ ಎರೆ ಎಂದು ಹೇಳಿದವನು ಬೇಟೆಯ ವಿಷಯದಲ್ಲಿ ಜಿಪುಣನಾದಾನೆ? ಪಳಗಿಸಿದ ಚಿರತೆಯಿಂದ ಜಿಂಕೆ ಹಿಡಿಸುವ ಕ್ರಮವನ್ನೂ ಬರೆದಿದ್ದಾನೆ. ನೀರಿನ ತಾಣದ ಬಳಿ ಮರೆಯಲ್ಲಿ ಹೊಂಚುವುದು, ಸಾಕಿದ ಜಿಂಕೆಯನ್ನು ದೀವವಾಗಿ ಬಿಟ್ಟು ಕಾಡಿನ ಜಿಂಕೆಯನ್ನು ಹತ್ತಿರಕ್ಕೆ ಸೆಳೆಯುವುದು ಇವೆಲ್ಲ ಅಲ್ಲಿವೆ.

ಇವನ್ನು ಓದಿದಾಗ ನನಗೆ ಮೊದಲು ನಿರಾಶೆಯಾಯಿತು. ನಾನು ಅಂಬಿನ ಬಲವನ್ನು ಕೇಳಿದರೆ ಅರಸನು ಮರೆ, ದೀವ, ಹೊಂಚು ಎನ್ನುತ್ತಿದ್ದಾನೆ! ಆಮೇಲೆ ಸಣ್ಣದೊಂದು ಲೆಕ್ಕ ಹಾಕಿದೆ. ನಲವತ್ತು ಗ್ರಾಂ ತೂಕದ ಅಂಬು ಸೆಕೆಂಡಿಗೆ ಐವತ್ತು ಮೀಟರು ವೇಗದಲ್ಲಿ ಹಾರಿದರೆ ಅದರ ಚಲನಶಕ್ತಿ 50 ಜೂಲು. ಮೂವತ್ತು ಗ್ರಾಂ ತೂಕದ ಕೋವಿಯ ಗುಂಡು ನಾನೂರು ಮೀಟರು ವೇಗದಲ್ಲಿ ಹೊರಟರೆ 2400 ಜೂಲು. ಅಂಬಿನದು ಅದರ ನಲವತ್ತೆಂಟನೆಯ ಒಂದು ಪಾಲು. ಗುಂಡಿನಂತೆ ಹೊಡೆತದಿಂದ ಕೆಡಹುವ ಶಕ್ತಿ ಅಂಬಿಗೆ ಇಲ್ಲವೇ ಇಲ್ಲ. ಅದು ಕೊಲ್ಲುವುದು ಅಲಗಿನಿಂದ ರಕ್ತನಾಳಗಳನ್ನು ಕೊಯ್ದು. ಆದಕಾರಣ ಅಲಗು ಹರಿತವಾಗಿರಬೇಕು. ಅಂಬಿಗೆ ತಕ್ಕಷ್ಟು ತೂಕವಿರಬೇಕು, ಹಗುರವಾದದ್ದು ಬೇಗ ಹೊರಟರೂ ಬೇಗ ಸೊರಗುತ್ತದೆ. ಗರಿ ನೆಟ್ಟಗಿರಬೇಕು, ಓಲಾಡುತ್ತ ಹೋದ ಅಂಬು ತನ್ನ ಬಲವನ್ನು ಅಡ್ಡಕ್ಕೆ ಚೆಲ್ಲುತ್ತದೆ. ಭುಜದ ಮೂಳೆಯನ್ನು ತಪ್ಪಿಸಿ ಅದರ ಹಿಂದೆ ಪಕ್ಕೆಲುಬುಗಳ ನಡುವೆ ತಾಗಬೇಕು. ಇವೆಲ್ಲ ಕೂಡಿಬರಬೇಕಾದರೆ ಬೇಟೆಗಾರ ಮೃಗದ ಸಮೀಪಕ್ಕೆ ಹೋಗಲೇಬೇಕು. ಹತ್ತಿರ ಹೋಗುವ ವಿದ್ಯೆಯೇ ಅಂಬಿನ ಅರ್ಧ ಬಲ. ಅರಸನು ನನ್ನ ಪ್ರಶ್ನೆಗೇ ಉತ್ತರ ಹೇಳುತ್ತಿದ್ದನು.

ಸೋಮೇಶ್ವರನ ತರುವಾಯ, ಹದಿನಾಲ್ಕನೆಯ ಶತಮಾನದಲ್ಲಿ, ಶಾರ್ಙ್ಗಧರನು ಸಂಕಲಿಸಿದ ಧನುರ್ವೇದದಲ್ಲಿ ಅಂಬು ನಾಟುವುದರ ಪರೀಕ್ಷೆಯೇ ಇದೆ. ಕಬ್ಬಿಣದ ತಗಡು, ಚರ್ಮ, ಗಡಿಗೆ, ಮಣ್ಣಿನ ಮುದ್ದೆ, ಈ ನಾಲ್ಕನ್ನು ಭೇದಿಸಿದವನೇ ಗಟ್ಟಿಗ. ಬಿಲ್ಲು ತನ್ನ ತೋಳಿನ ಅಳವಿಗಿಂತ ಬಿರುಸಾಗಿದ್ದರೆ ಬಿಲ್ಲುಗಾರನಿಗೆ ಗುರಿಯೇ ಕಾಣದೆಂಬ ವಿವೇಕವೂ ಅಲ್ಲಿದೆ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಡಾ. ಸ್ಯಾಕ್ಸ್ಟನ್ ಪೋಪ್ ಎಂಬ ಶಸ್ತ್ರವೈದ್ಯನು ಯಾಹಿ ಜನಾಂಗದ ಕೊನೆಯವನಾದ ಇಶಿಯಿಂದ ಬಿಲ್ಲುವಿದ್ಯೆ ಕಲಿತು, 1923ರಲ್ಲಿ ಪುಸ್ತಕ ಬರೆದನು. ಪೆಟ್ಟಿಗೆಯಲ್ಲಿ ದನದ ಪಿತ್ತಜನಕಾಂಗದ ಮಾಂಸ ತುಂಬಿ, ಮೇಲೆ ಜಿಂಕೆಯ ಚರ್ಮ ಹೊದಿಸಿ ಅಂಬು ಬಿಟ್ಟು ನೋಡಿದಾಗ, ಉಕ್ಕಿನ ಮೊನೆಗಿಂತ ಇಶಿಯ ಗಾಜುಕಲ್ಲಿನ ಮೊನೆಯೇ ಹೆಚ್ಚು ಆಳಕ್ಕೆ ಹೋಯಿತು. ನಮ್ಮ ಅರಸನೂ ಆ ವೈದ್ಯನೂ ಭೇಟಿಯಾಗಿದ್ದರೆ ರಾತ್ರಿಯಿಡೀ ಮಾತು ಮುಗಿಯುತ್ತಿರಲಿಲ್ಲ.

ಆದರೆ ರಾಜ್ಯ? ಹೊಯ್ಸಳ ವಿಷ್ಣುವರ್ಧನನು ಹೆಸರಿಗೆ ಸಾಮಂತನಾಗಿಯೇ ಉಳಿದು, ಹೆಜ್ಜೆಹೆಜ್ಜೆಯಾಗಿ ಉತ್ತರಕ್ಕೆ ಸರಿದನು. ನೊಳಂಬವಾಡಿಗೊಂಡ ಎಂಬುದು ಅವನ ಬಿರುದುಗಳಲ್ಲೊಂದು. ಗೊಂಡದ್ದು ನಮ್ಮ ನೆಲವನ್ನೇ. ಇದನ್ನು ಹಿಡಿದು, ಸೋಮೇಶ್ವರನು ಓದಿನಲ್ಲಿ ಮುಳುಗಿ ಕತ್ತಿಯನ್ನು ಮರೆತನೆಂದು ಹೇಳುವವರುಂಟು. ನಾನು ಹಾಗೆ ತಿಳಿಯಲಾರೆ. ಜಿಂಕೆ ಯಾವ ಹೊತ್ತಿಗೆ ನೀರಿಗೆ ಇಳಿಯುತ್ತದೆಂದು ಬಲ್ಲವನು ಅರಮನೆಯ ಮಂಚದ ಮೇಲೆ ಕುಳಿತು ಬರೆದವನಲ್ಲ. ಬಿಸಿಲು ಮುಳ್ಳುಗಳನ್ನು ಕಂಡವನು. ಆದರೆ ಹೊಂಚು ಹಾಕುತ್ತಿದ್ದ ವಿಷ್ಣುವರ್ಧನನೂ ಅದೇ ವಿದ್ಯೆಯನ್ನು ಬಲ್ಲವನಾಗಿದ್ದನು.

1138ರಲ್ಲಿ ಸೋಮೇಶ್ವರನು ತೀರಿಕೊಂಡನು. ಮಗ ಎರಡನೆಯ ಜಗದೇಕಮಲ್ಲ ಪಟ್ಟಕ್ಕೆ ಬಂದನು. ಇಪ್ಪತ್ತೈದು ವರ್ಷ ತುಂಬುವುದರೊಳಗೆ ಕಲ್ಯಾಣದ ಸಿಂಹಾಸನ ಕಳಚುರಿ ಬಿಜ್ಜಳನ ಪಾಲಾಯಿತು. ಗ್ರಂಥ ಮಾತ್ರ ಪ್ರತಿಯಿಂದ ಪ್ರತಿಗೆ ಉಳಿದು ಬಂದು, ಬರೋಡದ ಗಾಯಕವಾಡ ಪ್ರಾಚ್ಯಮಾಲೆಯಲ್ಲಿ 1925, 1939 ಮತ್ತು 1961ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. 1972ರ ವನ್ಯಜೀವಿ ಕಾಯಿದೆ ಬಂದ ಮೇಲೆ ನಮ್ಮ ಕಾಡುಗಳಲ್ಲಿ ಅಂತಹ ಬೇಟೆಗೆ ಎಡೆಯಿಲ್ಲ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗದ ಕುರುಚಲು ಕಾಡು ಈಗ ಕೊಂಡುಕುರಿಗಳ ಅಭಯಾರಣ್ಯ. ನಾಲ್ಕು ಕೋಡಿನ ಆ ಪುಟ್ಟ ಪ್ರಾಣಿಯನ್ನು ಕಾಣಬೇಕೆಂದರೆ ಇಂದಿಗೂ ನೀರಿನ ಗುಂಡಿಯ ಬಳಿ, ಉಸಿರು ಬಿಗಿಹಿಡಿದು, ಮರೆಯಲ್ಲಿ ಕುಳಿತಿರಬೇಕು.