ಶಿವಯೋಗಿ ಸಿದ್ಧರಾಮೇಶ್ವರರ ಅಂತರ್ವೀಕ್ಷಣೆ

ಹೊರಗಿನ ಮಲಿನವು ಕಣ್ಣಿಗೆ ಬೀಳುವುದು. ಒಳಗಿನ ಮಲಿನವು ಸತ್ಕಾರ್ಯದ ಮುಸುಕಿನಲ್ಲಿಯೂ ಅಡಗಿರಬಲ್ಲುದು. ಈ ಸೂಕ್ಷ್ಮವನ್ನು ತಮ್ಮ ಬಾಳಿನಿಂದಲೇ ಲೋಕಕ್ಕೆ ತೋರಿಸಿಕೊಟ್ಟ ಮಹಾನುಭಾವರು ಸೊನ್ನಲಿಗೆಯ ಸಿದ್ಧರಾಮೇಶ್ವರರು.

ಈಗ ಸೊಲ್ಲಾಪುರವೆನಿಸಿರುವ ಸೊನ್ನಲಿಗೆಯಲ್ಲಿ, 12ನೆಯ ಶತಮಾನದಲ್ಲಿ, ಮುದ್ದಗೌಡ ಸುಗ್ಗವ್ವೆಯರೆಂಬ ದಂಪತಿಗಳ ಪುತ್ರರಾಗಿ ಇವರು ಜನಿಸಿದರು. ಬಾಲ್ಯದಲ್ಲಿ ಇವರು ಮೌನಿಗಳು. ಜನರ ದೃಷ್ಟಿಗೆ ಮುಗ್ಧರು. ಹೊಲದಲ್ಲಿದ್ದ ಈ ಬಾಲಕನ ಬಳಿಗೆ ಮಲ್ಲಯ್ಯನು ಜಂಗಮರೂಪದಿಂದ ಬಂದು ಆಹಾರವನ್ನು ಬೇಡಿದನೆಂದೂ, ಬಾಲಕನು ಮನೆಗೆ ಓಡಿ ಅನ್ನವನ್ನು ತರುವಷ್ಟರಲ್ಲಿ ಕಾಣದಾದನೆಂದೂ ಪುರಾಣಪ್ರಸಿದ್ಧಿ. ಆತನನ್ನು ಅರಸುತ್ತ ಶ್ರೀಶೈಲಕ್ಕೆ ಹೋದ ಬಾಲಕನು ಕಾಣದ ದುಃಖದಿಂದ ಕಮರಿಗೆ ಬೀಳಲೆಳಸಿದಾಗ ಮಲ್ಲಿಕಾರ್ಜುನನು ಕೈಹಿಡಿದು ಕಾಪಾಡಿದನು. ರಾಘವಾಂಕ ಕವಿಯು ಸಿದ್ಧರಾಮಚಾರಿತ್ರದಲ್ಲಿ ಇವರ ಚರಿತೆಯನ್ನು ಭಕ್ತಿಯಿಂದ ವಿಸ್ತರಿಸಿರುವನು.

ಸೊನ್ನಲಿಗೆಗೆ ಮರಳಿದ ಸಿದ್ಧರಾಮರು ದೇವಾಲಯವನ್ನು ಕಟ್ಟಿಸಿದರು. ವಿಶಾಲವಾದ ಕೆರೆಯನ್ನು ತೋಡಿಸಿದರು. ಊರು ಅಭಿನವ ಶ್ರೀಶೈಲವೆನಿಸಿತು. ಸಹಸ್ರಾರು ಜನರಿಗೆ ನೀರು, ನೆರಳು ದೊರೆತವು. ಕೀರ್ತಿಯೂ ಬೆಳೆಯಿತು. ಆದರೆ ಕೀರ್ತಿಯ ಬೆನ್ನಲ್ಲಿಯೇ ನಾನು ಮಾಡಿದೆನೆಂಬ ಭಾವವು ಅರಿವಿಲ್ಲದಂತೆ ಒಳಹೊಕ್ಕಿತ್ತು.

ಆಗ ಅಲ್ಲಮಪ್ರಭುಗಳು ಅಲ್ಲಿಗೆ ಬಂದರು. ಶೂನ್ಯಸಂಪಾದನೆಯು ಈ ಪ್ರಸಂಗವನ್ನು ವಿಸ್ತಾರವಾಗಿ ಹೇಳುವುದು. ಪ್ರಭುಗಳು ಸಿದ್ಧರಾಮರನ್ನು ಮಣ್ಣು ಹೊರುವ ಒಡ್ಡನೆಂದು ಕರೆದರು. ಕೆರೆಯ ಕೆಲಸಗಾರರು ಕೆರಳಿ ಕಲ್ಲೆಸೆದರು. ಸಿದ್ಧರಾಮರೂ ಕೋಪೋದ್ದೀಪ್ತರಾಗಿ ಬಂದು ಹಣೆಗಣ್ಣನ್ನು ತೆರೆದರು. ಆ ಅಗ್ನಿಯು ಪ್ರಭುಗಳನ್ನು ಸುಡಲಾರದೆ ಹೋಯಿತು. ಅಂದು ಸಿದ್ಧರಾಮರ ದೃಷ್ಟಿಯು ಒಳಮುಖವಾಯಿತು. ಒಂದು ಬಿರುನುಡಿಗೆ ಇಷ್ಟು ಉರಿದ ಮನದಲ್ಲಿ ಇದುವರೆಗೆ ಯಾರು ಕುಳಿತಿದ್ದರು? ಕೆರೆಯು ಜೀವರಾಶಿಗಾಗಿಯೋ, ತನ್ನ ಹೆಸರಿಗಾಗಿಯೋ? ಈ ವಿಚಾರವೇ ಅವರ ಪುನರ್ಜನ್ಮಕ್ಕೆ ಬೀಜವಾಯಿತು.

ಹಾಗೆಂದು ಅವರು ಆತ್ಮನಿಂದೆಯಲ್ಲಿ ಕುಸಿದು ಕೂಡಲಿಲ್ಲ. ಮಾಡಿದ ಧರ್ಮವನ್ನು ಹಳಿದು ಕೆರೆಯನ್ನು ಮುಚ್ಚಿಸಲೂ ಇಲ್ಲ. ಕನ್ನಡಿಯನ್ನು ಬೈದರೆ ಮುಖದ ಮಸಿ ಹೋಗುವುದೆ? ಮನವನ್ನು ಹಗಲಿರುಳು ಶಪಿಸುವವನೂ ಆ ಮನಕ್ಕೇ ಸೆರೆಯಾಗಿರುವನು. ನಾನು ಮಹಾತ್ಮನೆಂಬುದರಲ್ಲಿಯೂ ನಾನು ಮಹಾಪಾಪಿಯೆಂಬುದರಲ್ಲಿಯೂ ಮೊದಲ ಮಾತು ನಾನೆಂಬುದೇ. ಸಿದ್ಧರಾಮರು ಪ್ರಭುಗಳೊಡನೆ ಕಲ್ಯಾಣಕ್ಕೆ ಹೋಗಿ, ಅನುಭವಿಗಳ ಮುಂದೆ ತಮ್ಮ ಸಂಶಯಗಳನ್ನು ಮುಚ್ಚುಮರೆಯಿಲ್ಲದೆ ಇಟ್ಟು, ಚನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆಯನ್ನು ಪಡೆದರು. ಜಗವೇ ಹೊಗಳುವ ಶಿವಯೋಗಿಯು ಶಿಷ್ಯನಾಗಿ ಕೈಯೊಡ್ಡುವುದು ಸಾಮಾನ್ಯವೆ? ಕಪಿಲಸಿದ್ಧಮಲ್ಲಿಕಾರ್ಜುನನ ಅಂಕಿತದಲ್ಲಿ ದೊರೆತಿರುವ ಸಾವಿರಕ್ಕೂ ಮಿಕ್ಕ ಅವರ ವಚನಗಳಲ್ಲಿ ಅಂತರಂಗದ ಈ ಶೋಧನೆಯು ಮತ್ತೆ ಮತ್ತೆ ಕಾಣಬರುವುದು. ಕಡೆಯಲ್ಲಿ ಸೊನ್ನಲಿಗೆಯಲ್ಲಿಯೇ ಅವರು ಲಿಂಗೈಕ್ಯರಾದರು.

ಆ ಕೆರೆಯ ನಡುವಿನ ಗುಡಿಗೆ ಇಂದಿಗೂ ಮಕರಸಂಕ್ರಾಂತಿಯ ಜಾತ್ರೆಯಲ್ಲಿ ಜನಸಾಗರವೇ ನೆರೆಯುವುದು. ಮನೆಯಲ್ಲಿ ದಾಸೋಹ ಮಾಡುವ ಗೃಹಸ್ಥನಿಗೂ ಈ ಚರಿತೆಯು ದಾರಿದೀಪ. ನೀಡುವ ಕೈಯನ್ನು ನಿಲ್ಲಿಸಬೇಕಾಗಿಲ್ಲ. ನೀಡುವಾಗ ಮನದಲ್ಲಿ ಏಳುವ ಮಾತನ್ನು ಲಿಂಗಪೂಜೆಯ ವೇಳೆಯಲ್ಲಿ ಒಮ್ಮೆ ಶಾಂತವಾಗಿ ಆಲಿಸಿದರೆ ಸಾಕು. ಕಂಡ ಕಳ್ಳನು ಮನೆಯಲ್ಲಿ ನಿಲ್ಲಲಾರನು.